ನಾಟಿ ಕೋಳಿಮರಿಯ ಗುರುತು: ಜನಪದ ಲಕ್ಷಣಜ್ಞಾನದ ಒಂದು ನೆಲೆ

ಕರ್ನಾಟಕದ ಗ್ರಾಮೀಣ ಬದುಕಿನಲ್ಲಿ ಕೋಳಿ ಸಾಕಣೆಯು ಬಹುಮಟ್ಟಿಗೆ ಹೆಂಗಸರ ಕೈಯಲ್ಲಿರುವ ಸಣ್ಣ ಗಂಟು. ಬಾಣಂತಿಯ ಸಾರು, ನೆಂಟರ ಊಟ, ಗ್ರಾಮದೇವತೆಯ ಹರಕೆ, ತುರ್ತಿನ ಖರ್ಚು ಇವೆಲ್ಲಕ್ಕೂ ಒದಗುವುದು ಹಿತ್ತಲಿನ ನಾಟಿ ಕೋಳಿ. ಆದುದರಿಂದ ಸಂತೆಯಲ್ಲಿ ಮರಿ ಕೊಳ್ಳುವಾಗ ‘ಇದು ನಾಟಿಯೋ, ಬೆರಕೆಯೋ’ ಎಂಬ ಪ್ರಶ್ನೆ ಕೇವಲ ಬೆಲೆಗೆ ಸಂಬಂಧಿಸಿದ್ದಲ್ಲ. ಮನೆಯ ಕೋಳಿ ಸಂತತಿ ಮುಂದುವರಿಯುವುದೇ ಎಂಬುದಕ್ಕೆ ಸಂಬಂಧಿಸಿದ್ದು.

ಮೊದಲಿಗೆ ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಅಸೀಲ್, ಕಡಕ್‌ನಾಥ್, ಆಂಧ್ರ–ಕರ್ನಾಟಕ ಭಾಗದ ಘಾಗಸ್ ಮೊದಲಾದವು ನಿಶ್ಚಿತ ಲಕ್ಷಣಗಳುಳ್ಳ, ಕರ್ನಾಲ್‌ನ ರಾಷ್ಟ್ರೀಯ ಪ್ರಾಣಿ ಅನುವಂಶಿಕ ಸಂಪನ್ಮೂಲ ಸಂಸ್ಥೆಯಲ್ಲಿ ನೋಂದಣಿಯಾದ ತಳಿಗಳು. ‘ನಾಟಿ’ ಎಂಬುದು ಈ ಅರ್ಥದ ತಳಿಯಲ್ಲ. ಅದು ಆಯಾ ಊರಿನ ಹವೆ, ಮೇವು, ರೋಗಗಳಿಗೆ ಒಗ್ಗಿ ಉಳಿದುಬಂದ ಕೋಳಿಗಳ ಸಮುದಾಯ. ಅಲ್ಲಿ ಶುದ್ಧತೆಯೆಂದರೆ ಏಕರೂಪತೆಯಲ್ಲ. ಕೆದಕಿ ತಿನ್ನುವ, ಹದ್ದಿಗೆ ಅಡಗುವ, ಕಾವಿಗೆ ಕೂತು ಮರಿ ಮಾಡುವ ಗುಣಗಳ ಸಮೂಹ.

ಗೊಂದಲಕ್ಕೆ ಕಾರಣವಾದುದು ಬಣ್ಣದ ಪುಕ್ಕದ ಸುಧಾರಿತ ಕೋಳಿಗಳ ಆಗಮನ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು 1980ರ ದಶಕದ ಕೊನೆಯಲ್ಲಿ ಗಿರಿರಾಜವನ್ನೂ, ಪಶುವೈದ್ಯಕೀಯ ವಿಶ್ವವಿದ್ಯಾಲಯವು 2005ರಲ್ಲಿ ಸ್ವರ್ಣಧಾರೆಯನ್ನೂ ಬಿಡುಗಡೆ ಮಾಡಿದವು. ಹೈದರಾಬಾದಿನಿಂದ ವನರಾಜ ಬಂದಿತು. ಹಿತ್ತಲ ಸಾಕಣೆಗೆಂದೇ ರೂಪಿಸಿದ ಇವು ನಾಟಿಗಿಂತ ಹೆಚ್ಚು ಮಾಂಸವನ್ನೂ ಮೊಟ್ಟೆಯನ್ನೂ ಕೊಡುತ್ತವೆ, ಅದರಲ್ಲಿ ಮೋಸವಿಲ್ಲ. ಅವುಗಳ ಮರಿಗಳನ್ನು ನಾಟಿಯೆಂದು ಮಾರಿದಾಗ ಮಾತ್ರ ಕೊಂಡವರಿಗೆ ನಷ್ಟ. ಗಿರಿರಾಜ ಹೇಟೆ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಹಾಗಾಗಿ ಒಂದು ಹೇಟೆಯಿಂದ ಹಿಂಡು ಕಟ್ಟಲು ಬಯಸಿದವಳು ಪ್ರತಿ ಬಾರಿಯೂ ಮರಿಗಾಗಿ ಹಣ ತೆರಬೇಕಾಗುತ್ತದೆ.

ಮರಿಯ ಆಯ್ಕೆಯಲ್ಲಿ ಜನಪದರು ಗಮನಿಸುವ ಮೊದಲ ಲಕ್ಷಣ ಮಂಕರಿಯೊಳಗಿನ ವೈವಿಧ್ಯ. ನಾಟಿ ಹೇಟೆಯ ಒಂದೇ ಕಾವಿನಲ್ಲಿ ಕಪ್ಪು, ಹಳದಿ, ಕಂದು ಮರಿಗಳೂ ಕಾಡುಕೋಳಿಯ ಮರಿಯಂತೆ ಬೆನ್ನ ಮೇಲೆ ಗೆರೆಯುಳ್ಳವೂ ಒಟ್ಟಿಗಿರುವುದು ಸಾಮಾನ್ಯ. ಬುಟ್ಟಿ ತುಂಬ ಒಂದೇ ಬಣ್ಣದ, ಒಂದೇ ಗಾತ್ರದ ಮರಿಗಳಿದ್ದರೆ ಅವು ಯಂತ್ರದ ಕಾವಿನಿಂದ ಬಂದವೆಂದು ಶಂಕಿಸಲು ಅವಕಾಶವಿದೆ. ಎರಡನೆಯದು ಗಾತ್ರ. ಅಂದು ಹುಟ್ಟಿದ ಮರಿಯ ತೂಕ ಮೊಟ್ಟೆಯ ತೂಕದ ಸುಮಾರು ಮೂರನೇ ಎರಡು ಭಾಗ. ನಾಟಿ ಮೊಟ್ಟೆ 40 ಗ್ರಾಂ ಆಸುಪಾಸಿನದಾದ್ದರಿಂದ ಮರಿ 27 ಗ್ರಾಂ ಸುತ್ತಮುತ್ತ ಇರುತ್ತದೆ. 55 ಗ್ರಾಂ ಮೊಟ್ಟೆಯ ಮರಿ 36 ಗ್ರಾಂ ದಾಟುತ್ತದೆ. ಮೂರನೆಯದು ಕಾಲು: ದಪ್ಪ ಕಾಲು, ಅಗಲ ಎದೆ, ಮಂದ ನಡೆ ಇವು ಮಾಂಸದ ಕೋಳಿಯ ಬೆರಕೆಯನ್ನು ಸೂಚಿಸುತ್ತವೆ.

ಆದರೆ ಈ ಲಕ್ಷಣಗಳಿಗೆ ಮಿತಿಯಿದೆ. ಗಾತ್ರವು ತಾಯಿಯನ್ನು ಹೇಳುತ್ತದೆಯೇ ಹೊರತು ತಂದೆಯನ್ನಲ್ಲ. ನಾಟಿ ಹೇಟೆಗೆ ಗಿರಿರಾಜ ಹುಂಜ ಕೂಡಿದರೂ ಮೊಟ್ಟೆ ಚಿಕ್ಕದೇ, ಮರಿಯೂ ಚಿಕ್ಕದೇ. ಪ್ರಬಲ ಗುಣಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. 2018ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್‌ನ ಕಪ್ಪು ಬಣ್ಣ ಚರ್ಮ, ಮಾಂಸ, ಮೂಳೆಗಳಿಗೂ ವ್ಯಾಪಿಸಿದ್ದು, ಬೆರಕೆಯ ಮೊದಲ ಪೀಳಿಗೆಯಲ್ಲಿಯೂ ಎಷ್ಟೋ ವೇಳೆ ಕಾಣಿಸಿಕೊಳ್ಳುತ್ತದೆ. ಅಸೀಲ್‌ನ ಒತ್ತಿಕೊಂಡಂತಹ ಗಿಡ್ಡ ಜುಟ್ಟಿನ ಸ್ಥಿತಿಯೂ ಹೀಗೆಯೇ. ಇಂತಹ ಬೆರಕೆ ಕೋಳಿಗಳನ್ನು ಪರಸ್ಪರ ಕೂಡಿಸಿದಾಗ ಹುಟ್ಟುವ ಪೀಳಿಗೆಯಲ್ಲಿ ತಿಳಿಚರ್ಮದ ಮರಿ, ಎದ್ದ ಜುಟ್ಟಿನ ಮರಿ ಮತ್ತೆ ತಲೆದೋರಿ ಗುಟ್ಟು ರಟ್ಟಾಗುತ್ತದೆ. ನೋಂದಾಯಿತ ತಳಿಯಲ್ಲಿ ಇಂತಹ ಭಿನ್ನತೆ ಶಂಕೆಗೆ ಕಾರಣ. ನಾಟಿಯಲ್ಲಿ ಏಕರೂಪತೆಯೇ ಶಂಕೆಗೆ ಕಾರಣ. ಈ ವಿಲೋಮ ಸಂಬಂಧ ಗಮನಾರ್ಹವಾದುದು.

ಆದ್ದರಿಂದಲೇ ಹಳ್ಳಿಯ ಅನುಭವಸ್ಥ ಹೆಂಗಸರು ಮರಿಗಿಂತ ಮೊದಲು ತಾಯಿಯನ್ನು ನೋಡುತ್ತಾರೆ. ಮರಿಗಳನ್ನು ರೆಕ್ಕೆಯಡಿ ಇಟ್ಟುಕೊಂಡ ಹೇಟೆ ಕಾವಿಗೆ ಕೂತಿತ್ತು ಎಂಬುದಕ್ಕೆ ತಾನೇ ಸಾಕ್ಷಿ. ಹೇಟೆಯು ಬೇರೆ ಕೋಳಿಯ ಮೊಟ್ಟೆಗೂ ಕಾವು ಕೊಡಬಲ್ಲದು. ಆದುದರಿಂದ ಮೊಟ್ಟೆ ಯಾರ ಮನೆಯದು, ಕೇರಿಯ ಹುಂಜ ಯಾವುದು ಎಂಬ ವಿಚಾರಣೆಯೂ ಜೊತೆಗೂಡುತ್ತದೆ. ಪರಿಚಿತ ಮನೆಯಿಂದ ಮರಿ ತರುವ, ಹೇಟೆಯನ್ನು ಪಾಲಿಗೆ ಕೊಟ್ಟು ಸಾಕಿಸುವ ಪದ್ಧತಿಗಳು ಈ ವಂಶಾವಳಿಯ ನೆನಪನ್ನು ಕಾಪಾಡಿಕೊಂಡು ಬಂದಿವೆ. ಅಪರಿಚಿತ ಮಾರಾಟಗಾರನ ಬುಟ್ಟಿಯಲ್ಲಿ ಕಡಿದುಹೋಗುವುದು ಈ ನೆನಪೇ. ಆಗ ಉಳಿಯುವ ಪರೀಕ್ಷೆ ಕಾಲ ಮಾತ್ರ: ಎಂಟು ವಾರಕ್ಕೆ ಒಂದು ಕಿಲೋ ಮೀರಿದ ಮರಿ ನಾಟಿಯಲ್ಲ.

ಹೀಗೆ ಜನಪದ ಲಕ್ಷಣಜ್ಞಾನವು ಬಿಡಿ ಗುರುತುಗಳ ಪಟ್ಟಿಯಲ್ಲ. ತಾಯಿ, ಒಡಹುಟ್ಟು, ಮನೆ, ಕೇರಿ ಇವುಗಳನ್ನು ಕೂಡಿಸಿ ನೋಡುವ ಕ್ರಮ. ತಳಿ ಸಂರಕ್ಷಣೆಯ ಯೋಜನೆಗಳು ಕೋಳಿಯನ್ನು ಉಳಿಸಲು ಹೊರಡುವಾಗ, ಅದರ ವಂಶವನ್ನು ನೆನಪಿಟ್ಟಿರುವ ಹೆಂಗಸರ ತಿಳಿವಳಿಕೆಯನ್ನೂ ದಾಖಲಿಸುವುದು ಅಗತ್ಯ.