ಪುಟಾಣಿಗಳಿಗೆ ಟೇಬಲ್ ಇಲ್ಲ!

ದಕ್ಷಿಣ ಕೊರಿಯಾದ ಜೇಜು ದ್ವೀಪ, 2016ರ ಸೆಪ್ಟೆಂಬರ್. ಒಂಬತ್ತು ವರ್ಷದ ಮಗುವಿನೊಂದಿಗೆ ಇಟಾಲಿಯನ್ ರೆಸ್ಟೋರೆಂಟ್ ಒಂದಕ್ಕೆ ಊಟಕ್ಕೆ ಬಂದವರನ್ನು, 13 ವರ್ಷದೊಳಗಿನವರಿಗೆ ಪ್ರವೇಶವಿಲ್ಲ ಎಂದು ವಾಪಸ್ ಕಳಿಸಲಾಯಿತು. ದೂರು ಅಲ್ಲಿನ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮೆಟ್ಟಿಲೇರಿತು. ವಯಸ್ಸು ನೋಡಿ ಗಿರಾಕಿಯನ್ನು ಹೊರಗಿಡುವುದು ತಾರತಮ್ಯ ಎಂದು 2017ರ ನವೆಂಬರ್‌ನಲ್ಲಿ ಆಯೋಗ ಹೇಳಿತು. ಆದರೆ ಅದು ಬರೀ ಶಿಫಾರಸು. ಪಾಲಿಸಲೇಬೇಕೆಂಬ ಕಟ್ಟುಪಾಡಿಲ್ಲ.

ಹಾಗಾಗಿ ಮಕ್ಕಳಿಗೆ ಪ್ರವೇಶವಿಲ್ಲ ಎನ್ನುವ ‘ನೋ ಕಿಡ್ಸ್ ಝೋನ್’ ಫಲಕಗಳು ಎಲ್ಲೂ ಹೋಗಲಿಲ್ಲ. 2023ರ ಹೊತ್ತಿಗೆ ಜೇಜುವಿನಲ್ಲೇ ಇಂಥ ಸುಮಾರು 80 ಅಂಗಡಿ, ಕೆಫೆಗಳಿದ್ದವು.

ಮಾಲೀಕರನ್ನೇ ಬೈದು ಮುಗಿಸುವುದು ಸುಲಭ. ಆದರೆ ಕೊರಿಯಾದ ಊಟದ ಟೇಬಲ್‌ ಒಮ್ಮೆ ನೋಡಬೇಕು. ಸಾರು ಮಣ್ಣಿನ ಗಡಿಗೆಯಲ್ಲಿ ಕೊತಕೊತ ಕುದಿಯುತ್ತಲೇ ಬರುತ್ತದೆ. ಮಾಂಸ ಸುಡುವ ಹೋಟೆಲುಗಳಲ್ಲಿ ಟೇಬಲ್ಲಿನ ನಡುವೆಯೇ ಕೆಂಡ. ಬುಸಾನ್ ನಗರದ ಹೋಟೆಲೊಂದರಲ್ಲಿ ಬಿಸಿನೀರು ಒಯ್ಯುತ್ತಿದ್ದ ಕೆಲಸದವರಿಗೆ ಹತ್ತು ವರ್ಷದ ಮಗು ಡಿಕ್ಕಿ ಹೊಡೆದು ಸುಟ್ಟುಕೊಂಡಿತ್ತು. 2013ರಲ್ಲಿ ತೀರ್ಪು ಕೊಟ್ಟ ನ್ಯಾಯಾಲಯ, ಹೋಟೆಲಿನವರೇ 4 ಕೋಟಿ ವೋನ್‌ಗೂ ಹೆಚ್ಚು ಪರಿಹಾರ ಕೊಡಬೇಕೆಂದಿತು. ಓಡಾಡಲು ಬಿಟ್ಟವರು ಅಪ್ಪ ಅಮ್ಮ, ಜೇಬು ಖಾಲಿಯಾಗುವುದು ತಮ್ಮದು ಎಂಬ ಮಾಲೀಕರ ಸಂಕಟ ಸುಳ್ಳೇನಲ್ಲ. 2021ರಲ್ಲಿ ಹ್ಯಾಂಕೂಕ್ ರಿಸರ್ಚ್ ನಡೆಸಿದ ಸಮೀಕ್ಷೆಯಲ್ಲಿ ಶೇ 71ರಷ್ಟು ಜನ ಮಾಲೀಕರ ಪರವಿದ್ದರು, ವಿರೋಧಿಸಿದವರು ಶೇ 17 ಮಾತ್ರ.

ನಮ್ಮ ಹೋಟೆಲುಗಳಲ್ಲೂ ಸಪ್ಲೈಯರ್ ಬಿಸಿ ಸಾಂಬಾರಿನ ಬಕೆಟ್ ಹಿಡಿದು ಬರುವ ದಾರಿಯಲ್ಲೇ ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿರುತ್ತವೆ. ‘ಏ ಪುಟ್ಟಾ, ಪಕ್ಕಕ್ಕೆ ಬಾ’ ಎಂದು ಗದರುವವನು ಅವನೇ. ಅಪ್ಪ ಮೊಬೈಲಿನಲ್ಲಿ ಮುಳುಗಿರುತ್ತಾನೆ.

ಕೊರಿಯಾದಲ್ಲಿ ವಿಷಯ ಇಷ್ಟು ಬಿಸಿಯಾಗಲು ಕಾರಣ ಬೇರೆಯೇ ಇದೆ. ಅಲ್ಲಿ ಮಕ್ಕಳೇ ಹುಟ್ಟುತ್ತಿಲ್ಲ. ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕ 2023ರಲ್ಲಿ 0.72ಕ್ಕೆ ಇಳಿಯಿತು. ಹೆರಿಗೆಗೆ ಸರ್ಕಾರ ದುಡ್ಡು ಸುರಿಯುತ್ತದೆ, ಹೆತ್ತವಳು ಒಂದು ಕಪ್ ಕಾಫಿಗೆ ಹೊರಟರೆ ಬಾಗಿಲಲ್ಲಿ ಫಲಕ. ಸಂಸದೆ ಯೋಂಗ್ ಹೆ-ಇನ್ ಅವರಿಗೂ ಈ ಅನುಭವವಾಗಿತ್ತು. 2023ರ ಮೇ 4ರಂದು, ಮಕ್ಕಳ ದಿನಾಚರಣೆಯ ಮುನ್ನಾದಿನ, ಅವರು ಪುಟ್ಟ ಮಗನನ್ನು ಎತ್ತಿಕೊಂಡೇ ಸಂಸತ್ತಿನಲ್ಲಿ ಪತ್ರಿಕಾಗೋಷ್ಠಿ ನಡೆಸಿ, ಇಂಥ ನಿಷೇಧ ತೊಲಗಬೇಕೆಂದರು. ಮಗನಿಗೆ ಭಾಷಣದಲ್ಲಿ ಆಸಕ್ತಿ ಇರಲಿಲ್ಲ ಎಂಬುದು ಬೇರೆ ಮಾತು.

ಅದೇ ತಿಂಗಳು ಇನ್ನೊಂದು ಕೆಫೆಯ ಫೋಟೊ ಊರೆಲ್ಲ ಸುತ್ತಿತು. ಬಾಗಿಲಿನ ಮೇಲೆ ‘ನೋ ಸೀನಿಯರ್ ಝೋನ್’, 60 ದಾಟಿದವರು ಬರಬೇಡಿ ಎಂಬ ಬರಹ. ಪಕ್ಕದಲ್ಲೇ, ಅಂಧರ ಮಾರ್ಗದರ್ಶಿ ನಾಯಿಗಳಿಗೆ ಸ್ವಾಗತ! ಮಗು ಅಳುತ್ತದೆಂದು ಹಾಕಿದ ಬೀಗ ಅಜ್ಜನ ಮುಖಕ್ಕೂ ಬಿತ್ತು. ವಯಸ್ಸಿನ ಮೇಲೆ ಗೆರೆ ಎಳೆಯುವುದರ ತೊಂದರೆಯೇ ಇದು. ಗಲಾಟೆ ಮಾಡದ ಮಗುವೂ ಹೊರಗೆ, ಪಕ್ಕದ ಟೇಬಲ್ಲಿನವರ ಕಿವಿ ತೂತಾಗುವಂತೆ ಫೋನಿನಲ್ಲಿ ಅರಚುವ ನಲವತ್ತರ ಮಹಾಶಯ ಮಾತ್ರ ಒಳಗೆ.

ಈ ಜಗಳ ಕೊರಿಯಾದ್ದಷ್ಟೇ ಅಲ್ಲ. ಅಮೆರಿಕದ ನ್ಯೂಜೆರ್ಸಿಯ ‘ನೆಟ್ಟೀಸ್ ಹೌಸ್ ಆಫ್ ಸ್ಪಗೆಟ್ಟಿ’ 2023ರ ಮಾರ್ಚ್‌ನಿಂದ ಹತ್ತರೊಳಗಿನ ಮಕ್ಕಳಿಗೆ ಬಾಗಿಲು ಮುಚ್ಚಿತು. ಗದ್ದಲ, ಬೇಬಿ ಚೇರ್‌ಗೆ ಜಾಗವಿಲ್ಲ, ಚೆಲ್ಲಿದ್ದನ್ನು ಬಳಿಯುವುದೇ ಕೆಲಸ ಎಂಬ ಕಾರಣಗಳನ್ನು ಕೊಟ್ಟಿತು. ಇಟಲಿಯ ಪಡುವಾ ನಗರದ ವೈನ್ ಬಾರ್ ಮಾಲೀಕನಿಗೆ ಬೇರೆ ಉಪಾಯ ಹೊಳೆಯಿತು. ಮಕ್ಕಳು ಸದ್ದಿಲ್ಲದೆ ಉಂಡೆದ್ದರೆ ಬಿಲ್ಲಿನಲ್ಲಿ ಶೇ 5 ಕಡಿತ! 2017ರಲ್ಲಿ ಆ ರಸೀತಿ ಸುದ್ದಿಯಾಯಿತು. ಮಾಲೀಕನಿಗೆ ಪುಕ್ಕಟೆ ಪ್ರಚಾರವೂ ಸಿಕ್ಕಿತು ಅನ್ನಿ.

ಜೇಜುವಿನ ಶಾಸನಸಭೆ 2023ರಲ್ಲಿ ಈ ಫಲಕಗಳನ್ನು ನಿಷೇಧಿಸಲು ಹೊರಟಿತು. ವ್ಯಾಪಾರದ ಸ್ವಾತಂತ್ರ್ಯದ ಪ್ರಶ್ನೆ ಎದ್ದಿತು. ಕೊನೆಗೆ ನಿಷೇಧದ ಮಾತು ಬಿಟ್ಟು, ‘ಹರಡದಂತೆ ತಡೆಯುವ’ ಮೆದು ನಿಯಮಕ್ಕೆ ಒಪ್ಪಿಗೆ ಸಿಕ್ಕಿತು. ಸೋಲ್ ನಗರಾಡಳಿತ ಅದಕ್ಕೂ ಮೊದಲೇ, ಮಕ್ಕಳನ್ನು ಬರಮಾಡಿಕೊಳ್ಳುವ ಹೋಟೆಲುಗಳಿಗೆ ‘ಕಿಡ್ಸ್ ಓಕೆ ಝೋನ್’ ಸ್ಟಿಕರ್ ಕೊಡಲು ಶುರುಮಾಡಿತ್ತು. ಕೆಲವು ಕೆಫೆಗಳವರಂತೂ ಹಳೆಯ ಫಲಕ ಇಳಿಸಿ ‘ನೋ ಬ್ಯಾಡ್ ಪೇರೆಂಟ್ಸ್ ಝೋನ್’ ಎಂದು ಬರೆಸಿದ್ದಾರೆ. ಮಕ್ಕಳು ಬರಬಹುದು, ಹೊಣೆಗೇಡಿ ಹೆತ್ತವರು ಬೇಡ. ಬೈಗುಳ ಸರಿಯಾದ ವಿಳಾಸಕ್ಕೆ ಹೋಗಿದೆ, ನಿಜ. ಆದರೆ ತಾನು ಆ ಪೈಕಿ ಎಂದು ಒಪ್ಪಿಕೊಂಡು ಯಾವ ಅಪ್ಪ ಬಾಗಿಲಿಂದ ಹಿಂದಿರುಗುತ್ತಾನೆ?