ಹಳೆ ಹೊಲಿಗೆ, ಹೊಸ ಬಸಿರು

ತಿಂಗಳ ಒಂಬತ್ತನೇ ತಾರೀಖು ಬಂತೆಂದರೆ ಮೈಸೂರು ಸೀಮೆಯ ಈ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 2016ರಲ್ಲಿ ಶುರುವಾದ ಸುರಕ್ಷಿತ ಮಾತೃತ್ವ ಅಭಿಯಾನದ ದಿನ ಅದು. ಹೊತ್ತೇರುವ ಮೊದಲೇ ಗೇಟಿನ ಮುಂದೆ ಆಟೋಗಳು ಸಾಲುಗಟ್ಟುತ್ತವೆ. ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯರು ತಮ್ಮ ತಮ್ಮ ಹಳ್ಳಿಯ ಬಸುರಿಯರನ್ನು ಇಳಿಸಿ, ತಲೆ ಎಣಿಸಿ, ಒಳಗೆ ನಡೆಸುತ್ತಾರೆ. ನಾಲ್ವರು ಕೂರುವ ಬೆಂಚಿನಲ್ಲಿ ಆರು ಜನ. ಜಾಗ ಸಿಗದವರು ಒಂದು ಕೈ ಸೊಂಟಕ್ಕೆ ಕೊಟ್ಟು ಗೋಡೆಗೆ ಒರಗಿದ್ದಾರೆ. ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಆಯಾ ಒಬ್ಬೊಬ್ಬರನ್ನೇ ಕೇಳುತ್ತಿದ್ದಾಳೆ: "ನೀರು ಕುಡ್ದಿದೀಯಾ? ಕುಡ್ದು ಕೂತ್ಕೊ."

ಮೊದಲ ಮೇಜಿನಲ್ಲಿ ಸಿಸ್ಟರ್ ಒಬ್ಬರು ತೂಕ, ಬಿಪಿ ನೋಡಿ ತಾಯಿ ಕಾರ್ಡಿನ ಮೇಲೆ ಸ್ಟಿಕ್ಕರ್ ಅಂಟಿಸುತ್ತಾರೆ. ತೊಂದರೆ ಇಲ್ಲದವರಿಗೆ ಹಸಿರು, ಅಪಾಯ ಇರುವವರಿಗೆ ಕೆಂಪು. ರಕ್ತ ಕಡಿಮೆ ಇದ್ದವರಿಗೆ ಕೆಂಪು, ಬಿಪಿ ಏರಿದವರಿಗೆ ಕೆಂಪು. ಆದರೆ ಪೆನ್ನು ಎತ್ತುವ ಮೊದಲೇ ಸಿಸ್ಟರ್ ಕೇಳುವ ಪ್ರಶ್ನೆ ಬೇರೆ: "ಮೊದಲ್ನೇದು ಆಪರೇಷನ್ನಾ?" ಹೂಂ ಅಂದರೆ ಕೈ ತಾನಾಗಿ ಕೆಂಪು ಹಾಳೆಯತ್ತ ಹೋಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್. ದೇಶದ ಸರಾಸರಿ ಶೇ. 21.5. ಹಾಗಾಗಿ 'ಮೊದಲನೆಯದು ಕೊಯ್ದು ತೆಗೆದರು, ಎರಡನೆಯದು ಹೇಗೆ' ಎನ್ನುವ ಪ್ರಶ್ನೆ ಇವತ್ತು ನಮ್ಮ ರಾಜ್ಯದಲ್ಲಿ ಬೀದಿಗೆ ನಾಲ್ಕು ಮನೆಯ ಪ್ರಶ್ನೆ. ಬಹುಪಾಲು ಮನೆಗಳಲ್ಲಿ ಅದಕ್ಕೆ ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ಬೆಂಚಿನ ಮೇಲೆ ಕೂತ ಅತ್ತೆಯೊಬ್ಬರು ಪಕ್ಕದವಳಿಗೆ ಹೇಳುತ್ತಿದ್ದುದೂ ಅದನ್ನೇ: "ಒಂದ್ಸಲ ಕುಯ್ದ್ಮೇಲೆ ಮುಗೀತು ಕಣವ್ವ, ಎರಡ್ನೇದೂ ಕುಯ್ಯದೇಯ."

ಅತ್ತೆಯ ಸೊಸೆ ನಂಜನಗೂಡಿನ ಕಡೆಯವಳು. ಹಳದಿ ಚೂಡಿದಾರ, ಎಂಟು ತಿಂಗಳ ಹೊಟ್ಟೆ. ಮೂರು ವರ್ಷದ ಮಗ ಅವಳ ವೇಲು ಹಿಡಿದು ಜಗ್ಗುತ್ತಿದ್ದಾನೆ. ಒಳಗೆ ಡಾಕ್ಟರ ಎದುರು ಕೂತ ಕೂಡಲೇ ಅವಳು ಅತ್ತೆಯ ಕಡೆ ನೋಡದೆ ಕೇಳಿಬಿಟ್ಟಳು: "ಮೇಡಂ, ಇದನ್ನ ನಾರ್ಮಲ್ಲೇ ಮಾಡ್ಸಿ. ಹೋದ್ಸಲ ಎಷ್ಟೋ ದಿನ ಎದ್ದು ಕೂರಕ್ಕೆ ಆಗ್ಲಿಲ್ಲ. ಈಗ ಇವನವ್ನೆ. ಎತ್ಕೊ ಅಂತ ಬಂದ್ರೆ ಏನ್ಮಾಡ್ಲಿ?"

"ಮಾಡಿಸ್ತೀನಿ ಅಂತ ಮಾತು ಕೊಡಕ್ಕಾಗಲ್ಲ ಕಣಮ್ಮ. ಪ್ರಯತ್ನ ಪಡಬಹುದಾ ನೋಡೋಣ. ಹಳೇ ಪೇಪರ್ ತಂದಿದೀಯಾ?"

ಇಲ್ಲಿಂದ ಮುಂದೆ ಎಲ್ಲವೂ ಆ ಪೇಪರಿನ ಮೇಲೆ ನಿಂತಿದೆ. ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರ್ ಮೇಜಿನ ಮೇಲೆ ಬಂತು. ಅದರೊಳಗೆ ಸ್ಕ್ಯಾನಿಂಗ್ ವರದಿಗಳು, ರಕ್ತದ ಗುಂಪಿನ ಚೀಟಿ, ಆಧಾರ್ ಜೆರಾಕ್ಸ್, ಬ್ಯಾಂಕ್ ಪಾಸ್‌ಬುಕ್, ಮಗನ ಲಸಿಕೆ ಕಾರ್ಡು. ಎಲ್ಲಕ್ಕಿಂತ ಅಡಿಯಲ್ಲಿ ನಾಲ್ಕು ಮಡಿಕೆಯ ಡಿಸ್ಚಾರ್ಜ್ ಹಾಳೆ. ಮಡಿಕೆ ಕೂಡಿದ ಜಾಗದಲ್ಲಿ ಸವೆದು ಸಣ್ಣ ತೂತು ಬಿದ್ದಿದೆ, ನೀಲಿ ಶಾಯಿ ಅಲ್ಲಲ್ಲಿ ಮಾಸಿದೆ. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಸಾವಧಾನವಾಗಿ ಓದಿದರು. ಅವರು ಹುಡುಕುತ್ತಿದ್ದುದು ಕೆಲವೇ ಮಾತು. ಯಾಕೆ ಕೊಯ್ದರು? ಗರ್ಭಕೋಶವನ್ನು ಎಲ್ಲಿ, ಹೇಗೆ ಕೊಯ್ದರು? ಆಮೇಲೆ ಜ್ವರ, ಕೀವು ಏನಾದರೂ ಆಯಿತೇ?

ಹೊಟ್ಟೆಯ ಮೇಲಿನ ಗೆರೆ ನೋಡಿದರೆ ಸಾಲದೇ ಎಂದು ಅನೇಕರು ಅಂದುಕೊಳ್ಳುತ್ತಾರೆ. ಸಾಲದು. ಚರ್ಮದ ಮೇಲೆ ಅಡ್ಡ ಗೆರೆ ಇದ್ದರೂ ಒಳಗೆ ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿರಬಹುದು. ಗರ್ಭಕೋಶದ ಮೇಲುಭಾಗ ದಪ್ಪ ಸ್ನಾಯು. ಬೇನೆ ಬಂದಾಗ ಬಲವಾಗಿ ಹಿಂಡುವುದು ಆ ಭಾಗವೇ, ಆದ್ದರಿಂದ ಅಲ್ಲಿನ ಹಳೆ ಗಾಯಕ್ಕೆ ಅಪಾಯ ಹೆಚ್ಚು. ಕೆಳಭಾಗ ತೆಳು. ಅದು ಹಿಂಡುವುದಕ್ಕಿಂತ ಹಿಗ್ಗುವುದೇ ಹೆಚ್ಚು, ಅಲ್ಲಿ ಅಡ್ಡಕ್ಕೆ ಹಾಕಿದ ಗಾಯ ಗಟ್ಟಿಯಾಗಿ ಮಾಯುತ್ತದೆ. ಉದ್ದ ಗಾಯದವರಿಗೆ ಯಾರೂ ಬೇನೆ ತಿನ್ನಲು ಬಿಡುವುದಿಲ್ಲ, ಬಿಡಬಾರದು ಕೂಡ.

ಬೆಂಚಿನ ಮೇಲೆ ಅತ್ತೆ ಹೇಳಿದ ಮಾತಿಗೂ ಒಂದು ಚರಿತ್ರೆ ಇದೆ. 1916ರಲ್ಲಿ ನ್ಯೂಯಾರ್ಕಿನ ಹೆರಿಗೆ ವೈದ್ಯ ಎಡ್ವಿನ್ ಕ್ರೇಗಿನ್, ಒಮ್ಮೆ ಸಿಸೇರಿಯನ್ ಆದವಳಿಗೆ ಮುಂದೆಯೂ ಸಿಸೇರಿಯನ್ನೇ ಎಂಬರ್ಥದ ಮಾತು ಬರೆದ. ಆ ಕಾಲದಲ್ಲಿ ಗರ್ಭಕೋಶವನ್ನು ಉದ್ದಕ್ಕೇ ಕೊಯ್ಯುತ್ತಿದ್ದರು. ಅವನ ಕಾಳಜಿಯಾದರೂ ಮೊದಲ ಸಲವೇ ಸುಮ್ಮಸುಮ್ಮನೆ ಕತ್ತಿ ಎತ್ತಬೇಡಿ ಎಂಬುದಾಗಿತ್ತು. ತನ್ನ ಒಬ್ಬ ರೋಗಿಗೆ ಸಿಸೇರಿಯನ್ನಿನ ನಂತರ ತೊಂದರೆಯಿಲ್ಲದೆ ಹೆರಿಗೆಗಳಾದವು ಎಂದೂ ಅದೇ ಬರಹದಲ್ಲಿ ಒಪ್ಪಿಕೊಂಡಿದ್ದ. ಆ ಬಳಿಕ 1920ರ ದಶಕದಲ್ಲಿ ಗ್ಲಾಸ್ಗೋದ ಮುನ್ರೋ ಕೆರ್ ಕೆಳಭಾಗದ ಅಡ್ಡ ಗಾಯವನ್ನು ಪ್ರಚಾರಕ್ಕೆ ತಂದ. ಇವತ್ತು ನಮ್ಮಲ್ಲಿ ಆಗುವ ಸಿಸೇರಿಯನ್ನುಗಳು ಹೆಚ್ಚುಕಡಿಮೆ ಎಲ್ಲವೂ ಅದೇ ಬಗೆಯವು. ಕೊಯ್ಯುವ ರೀತಿ ಬದಲಾಯಿತು. ಹಳೆಯ ಮಾತು ಮಾತ್ರ ಸಮುದ್ರ ದಾಟಿ, ನೂರು ವರ್ಷ ಬಾಳಿ, ನಮ್ಮ ಹಳ್ಳಿಯ ಅತ್ತೆಯರ ಬಾಯಲ್ಲೂ ಕೂತಿದೆ.

ಹಳದಿ ಚೂಡಿದಾರದವಳ ಹಾಳೆಯಲ್ಲಿ ಇದ್ದುದು ಒಳ್ಳೆಯ ಸುದ್ದಿ. ಕೆಳಭಾಗದ ಅಡ್ಡ ಗಾಯ. ಕಾರಣ: ಮಗು ಉಲ್ಟಾ, ಕುಂಡೆ ಕೆಳಗೆ. ಈ ಸಲ ಡಾಕ್ಟರು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು ಕೆಳಗೆ ಒತ್ತಿ ನೋಡಿದಾಗ ಸಿಕ್ಕಿದ್ದು ಗುಂಡನೆಯ ಗಟ್ಟಿ ತಲೆ. ಅಂದರೆ ಹಿಂದಿನ ಕಾರಣ ಈ ಸಲ ಇಲ್ಲವೇ ಇಲ್ಲ. ದೊಡ್ಡ ಮಗನಿಗೂ ಇದಕ್ಕೂ ಮೂರು ವರ್ಷದ ಅಂತರ. ಎರಡು ಹೆರಿಗೆಗಳ ನಡುವೆ ಒಂದೂವರೆ ವರ್ಷಕ್ಕಿಂತ ಕಡಿಮೆ ಇದ್ದರೆ ಹೊಲಿಗೆ ಬಿಟ್ಟುಕೊಳ್ಳುವ ಭಯ ಹೆಚ್ಚು. ಅದೂ ಇವಳಿಗಿಲ್ಲ.

"ನಿನ್ನಂಥೋರು ನೂರು ಜನ ಪ್ರಯತ್ನ ಪಟ್ರೆ ಎಪ್ಪತ್ತಕ್ಕೂ ಹೆಚ್ಚು ಜನಕ್ಕೆ ನಾರ್ಮಲ್ ಆಗುತ್ತೆ. ಮಿಕ್ಕೋರಿಗೆ ಮಧ್ಯದಲ್ಲಿ ಆಪರೇಷನ್ ಮಾಡ್ಬೇಕಾಗುತ್ತೆ. ಸಾವಿರದಲ್ಲಿ 995 ಜನಕ್ಕೆ ಒಳಗಿನ ಹಳೇ ಹೊಲಿಗೆ ಗಟ್ಟಿಯಾಗೇ ಇರುತ್ತೆ, ಐದು ಜನಕ್ಕೆ ಬಿಟ್ಕೊಳುತ್ತೆ. ಹಾಗಾದ್ರೆ ಮಗುಗೂ ಕಷ್ಟ, ನಿನಗೂ ಕಷ್ಟ. ನಿಮಿಷ ಲೆಕ್ಕ ಹಾಕಿ ಕೆಲಸ ಮಾಡ್ಬೇಕು." ಡಾಕ್ಟರು ಇದನ್ನು ಹೆದರಿಸುವ ದನಿಯಲ್ಲಿ ಹೇಳಲಿಲ್ಲ, ಮುಚ್ಚಿಡಲೂ ಇಲ್ಲ. ಸಾವಿರದಲ್ಲಿ 995 ಎಂದೂ ಹೇಳಬಹುದಿತ್ತು, ಐದು ಎಂದೂ ಹೇಳಬಹುದಿತ್ತು. ಅವರು ಎರಡನ್ನೂ ಹೇಳಿದರು. ಅತ್ತೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೇಳುತ್ತಿದ್ದರು. ಇಂಥ ಮಾತಿಗೆ ಆ ಗದ್ದಲದಲ್ಲಿ ಹತ್ತು ನಿಮಿಷ ಎತ್ತಿಡುವುದು ಸುಲಭವಲ್ಲ. ಹೊರಗೆ ಬಾಗಿಲು ತಟ್ಟುತ್ತಲೇ ಇರುತ್ತಾರೆ. ಆದರೂ ಹೆಣ್ಣಿನ ಹೊಟ್ಟೆಯ ವಿಷಯವನ್ನು ಹೆಣ್ಣಿಗೇ ಬಿಡಿಸಿ ಹೇಳದೆ, 'ಅಡ್ಮಿಟ್ ಆಗು, ಡೇಟು ಕೊಡ್ತೀವಿ' ಎಂದಷ್ಟೇ ಹೇಳಿ ಕಳಿಸುವುದು ತಪ್ಪು ಎಂದೇ ನನ್ನ ನಂಬಿಕೆ.

ಮತ್ತೆ ಸಿಸೇರಿಯನ್ನೇ ಮಾಡಿಸಿಕೊಳ್ಳುವುದಕ್ಕೂ ಅದರದೇ ಬೆಲೆ ಇದೆ. ಒಂದೊಂದು ಕೊಯ್ತಕ್ಕೂ ಒಳಗೆ ಅಂಟು ಬೆಳೆಯುತ್ತದೆ. ಮುಂದಿನ ಬಸಿರಿನಲ್ಲಿ ಮಾಸು ಹಳೆ ಗಾಯದ ಮೇಲೆಯೇ ಕೂತು ಗರ್ಭಕೋಶದ ಗೋಡೆಯೊಳಕ್ಕೆ ಬೇರಿಳಿಸುವ ಅಪಾಯ ಏರುತ್ತಾ ಹೋಗುತ್ತದೆ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಮಾಸು ಗರ್ಭದ ಬಾಯಿಗೆ ಅಡ್ಡವಾಗಿ ಕೂತಿದ್ದವರಲ್ಲಿ ಎರಡನೇ ಸಿಸೇರಿಯನ್ನಿಗೆ ಬಂದ ಶೇ. 11 ಜನರಿಗೆ, ಮೂರನೆಯದಕ್ಕೆ ಬಂದ ಶೇ. 40 ಜನರಿಗೆ ಹೀಗೆ ಬೇರಿಳಿದಿತ್ತು. ಅದನ್ನು ಬಿಡಿಸಲು ಹೋದರೆ ರಕ್ತ ನಿಲ್ಲುವುದಿಲ್ಲ. ಎಷ್ಟೋ ಸಲ ತಾಯಿಯ ಜೀವ ಉಳಿಸಲು ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ.

ಆದರೆ ಈ ಲೆಕ್ಕ ಎಲ್ಲರಿಗೂ ಒಂದೇ ತೂಕದ್ದಲ್ಲ. ಅದು ಗೊತ್ತಾಗಿದ್ದು ಎರಡನೆಯವಳ ಮಾತು ಕೇಳಿದಾಗ. ಕಂದು ಸೀರೆಯ, ತಿರುಮಕೂಡಲು ನರಸೀಪುರದ ಕಡೆಯ ಹೆಣ್ಣುಮಗಳು. ಹಿಂದಿನ ಸಲ ರಾತ್ರಿಯಿಡೀ ಬೇನೆ ತಿಂದು, ಗರ್ಭದ ಬಾಯಿ ಪೂರ್ತಿ ತೆರೆದ ಮೇಲೂ ಮಗು ಇಳಿಯದೆ ಬೆಳಗಿನ ಜಾವ ಆಪರೇಷನ್ ಆದವಳು. ಅವಳಿಗೂ ಒಮ್ಮೆ ಪ್ರಯತ್ನ ಪಡಬಹುದೆಂದು ಡಾಕ್ಟರು ಹೇಳಿದರು, ಆದರೆ ಅವಕಾಶ ಸ್ವಲ್ಪ ಕಡಿಮೆ ಎಂದರು. ಅವಳು ತಲೆ ಅಲ್ಲಾಡಿಸಿದಳು. "ಬ್ಯಾಡ ಮೇಡಂ. ಆ ನೋವೂ ತಿಂದು, ಆಮೇಲೆ ಕುಯ್ಸ್ಕಳದೂ ಬ್ಯಾಡ. ಡೇಟು ಕೊಟ್ಬುಡಿ. ಹಂಗೇ ಮಕ್ಳಾಗದಂಗೂ ಆಪರೇಷನ್ ಮಾಡ್ಬುಡಿ, ಒಂದೇ ಸಲಕ್ಕೆ ಆಗೋಗ್ಲಿ."

ಇದು ಹೆದರಿಕೆಯ ಮಾತು ಎಂದು ತಳ್ಳಿಹಾಕುವಂತಿಲ್ಲ. ಬೇನೆಯೂ ತಿಂದು ಕೊನೆಗೆ ತುರ್ತು ಸಿಸೇರಿಯನ್ನೂ ಆದವರಲ್ಲೇ ಜ್ವರ, ರಕ್ತಸ್ರಾವದಂಥ ತೊಂದರೆಗಳು ಎಲ್ಲರಿಗಿಂತ ಹೆಚ್ಚು. ಅದು ವೈದ್ಯರೂ ಒಪ್ಪುವ ಮಾತು. ಇನ್ನು, ಎರಡಕ್ಕೇ ಸಾಕು ಎಂದು ನಿರ್ಧರಿಸಿದವಳಿಗೆ ಮೂರನೆಯ, ನಾಲ್ಕನೆಯ ಬಸಿರಿನಲ್ಲಿ ಬರುವ ಮಾಸಿನ ಗಂಡಾಂತರ ಬರುವುದೇ ಇಲ್ಲ. ನಮ್ಮ ಕಡೆ ಸಂತಾನಹರಣದ ಭಾರ ಇವತ್ತಿಗೂ ಹೆಂಗಸಿನ ಮೇಲೆಯೇ. ಗಂಡಸರ ಆಪರೇಷನ್ ಎಷ್ಟೇ ಸುಲಭವಾದರೂ ಮುಂದೆ ಬರುವ ಗಂಡಸರು ವಿರಳ. ಹೇಗಿದ್ದರೂ ಹೊಟ್ಟೆ ಕೊಯ್ಸಿಕೊಳ್ಳಲೇಬೇಕಾದವಳು ಎರಡನ್ನೂ ಒಂದೇ ಮೇಜಿನ ಮೇಲೆ ಮುಗಿಸಲು ನೋಡುವುದು ಅವಳ ಬದುಕಿನ ಒಳಗಿನಿಂದ ಹುಟ್ಟಿದ ತೀರ್ಮಾನ. ಬೇರೆ ದೇಶದವರು ಬರೆದ ಕೈಪಿಡಿಗಳಲ್ಲಿ ಈ ಲೆಕ್ಕ ಇರುವುದಿಲ್ಲ. ಡಾಕ್ಟರು ಅವಳಿಗೆ ಮತ್ತೆ ಒತ್ತಾಯ ಮಾಡಲಿಲ್ಲ. ದಿನದ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಂತರು. ಜೊತೆಗೆ ಬಂದ ಅಣ್ಣ ಮೊಬೈಲಿನಲ್ಲಿ ಜೋಯಿಸರು ಕಳಿಸಿದ ಒಳ್ಳೆಯ ನಕ್ಷತ್ರದ ದಿನ ತೋರಿಸಿದ. ಆ ದಿನಕ್ಕೆ 37 ವಾರವಷ್ಟೇ ತುಂಬುತ್ತಿತ್ತು. "39 ತುಂಬಲಿ. ಅದಕ್ಕಿಂತ ಮೊದಲು ತೆಗೆದ್ರೆ ಮಗು ಉಸಿರಾಟಕ್ಕೆ ಒದ್ದಾಡುತ್ತೆ, ಗಾಜಿನ ಪೆಟ್ಟಿಗೇಲಿ ಇಡ್ಬೇಕಾಗುತ್ತೆ. ನಕ್ಷತ್ರ ಆ ವಾರದಲ್ಲೇ ಯಾವ್ದಿದೆ ನೋಡ್ಕೊಂಡು ಬನ್ನಿ" ಎಂದು ಅವನ ಮೊಬೈಲನ್ನು ಮೆಲ್ಲಗೆ ಅವನತ್ತಲೇ ಸರಿಸಿದರು.

ಹೆರಿಗೆ ಕೋಣೆ ಇದೇ ಮೊಗಸಾಲೆಯ ಕೊನೆಯಲ್ಲಿದೆ. ಹಳೆ ಹೊಲಿಗೆಯವಳು ಬೇನೆ ತಿನ್ನುವಾಗ ಅಲ್ಲಿ ನಡೆಯಬೇಕಾದ ಕೆಲಸದ ಬಗೆಯೇ ಬೇರೆ. ಹೊಟ್ಟೆಗೆ ಎರಡು ಪಟ್ಟಿ ಕಟ್ಟುತ್ತಾರೆ. ಒಂದು ಮಗುವಿನ ಎದೆಬಡಿತ ಕೇಳುತ್ತದೆ, ಇನ್ನೊಂದು ಬೇನೆ ಅಳೆಯುತ್ತದೆ. ಯಂತ್ರದಿಂದ ಗೆರೆ ಎಳೆದ ಕಾಗದ ಎಡೆಬಿಡದೆ ಹೊರಬರುತ್ತದೆ. ಸಿಸ್ಟರ್ ಕಣ್ಣು ಇರಬೇಕಾದ್ದು ಆ ಮೇಲಿನ ಗೆರೆಯ ಮೇಲೆ. ನಿಮಿಷಕ್ಕೆ 110ರಿಂದ 160ರ ನಡುವೆ ಓಡಬೇಕಾದ ಬಡಿತ ಸರ್ರನೆ ಕೆಳಗಿಳಿದು ಮೇಲೇಳದಿದ್ದರೆ, ಬಹಳ ಸಲ ಹೊಲಿಗೆ ಬಿಟ್ಟುಕೊಂಡದ್ದರ ಮೊದಲ ಸುಳಿವು ಅದೇ. ಬೇನೆ ಬೇನೆಯ ನಡುವೆಯೂ ಹೊಲಿಗೆಯ ಜಾಗದಲ್ಲಿ ಬಿಡದೆ ಉರಿದರೆ, ಚೆನ್ನಾಗಿ ಬರುತ್ತಿದ್ದ ಬೇನೆ ಇದ್ದಕ್ಕಿದ್ದಂತೆ ನಿಂತರೆ, ಮೂತ್ರದಲ್ಲಿ ರಕ್ತ ಕಂಡರೆ ಕೂಡಲೇ ಕೂಗು ಹಾಕಬೇಕು. ಬೇನೆ ಬರಿಸಲು ಬೇರೆಯವರಿಗೆ ಇಡುವ ಮಾತ್ರೆಯನ್ನು ಇವಳಿಗೆ ಇಡುವಂತಿಲ್ಲ. ಡ್ರಿಪ್ಪಿನಲ್ಲಿ ಬೇನೆ ಏರಿಸುವ ಔಷಧಿ ಕೊಟ್ಟರೂ ಹನಿ ಹನಿ ಲೆಕ್ಕವಿಟ್ಟು ಕೊಡಬೇಕು. ಹೊಂದುವ ರಕ್ತ ಪಕ್ಕದಲ್ಲಿ ಸಿದ್ಧವಿರಬೇಕು, ಆಪರೇಷನ್ ಕೋಣೆ ತೆರೆದಿರಬೇಕು.

ಅಮೆರಿಕದಲ್ಲಿ 1996ರ ಸುಮಾರಿಗೆ ಹಿಂದೆ ಸಿಸೇರಿಯನ್ ಆದ ನೂರರಲ್ಲಿ 28 ಹೆಂಗಸರು ಸಹಜವಾಗಿ ಹೆರುತ್ತಿದ್ದರು. ಇಂಥ ಹೆರಿಗೆ ನಡೆಸುವಾಗ ತುರ್ತು ಆಪರೇಷನ್ ಮಾಡುವ ತಂಡ ಆ ಕ್ಷಣಕ್ಕೇ ಕೈಗೆ ಸಿಗುವಂತಿರಬೇಕು ಎಂದು 1999ರಲ್ಲಿ ಅಲ್ಲಿನ ಪ್ರಸೂತಿ ತಜ್ಞರ ಸಂಘ ಹೇಳಿತು. ಸಣ್ಣ ಆಸ್ಪತ್ರೆಗಳು ಒಂದೊಂದಾಗಿ ಕೈತೊಳೆದುಕೊಂಡವು, ಕೆಲವೇ ವರ್ಷಗಳಲ್ಲಿ ಆ 28 ಹತ್ತಕ್ಕಿಂತ ಕೆಳಗಿಳಿಯಿತು. ಹೆಂಗಸರ ಮೈ ಬದಲಾಗಲಿಲ್ಲ, ಬದಲಾದದ್ದು ಆಸ್ಪತ್ರೆಯ ಕಟ್ಟುಪಾಡು. ನಮ್ಮಲ್ಲೂ ಗಂಟು ಇರುವುದು ಅಲ್ಲೇ. ರಾತ್ರಿ ಎರಡು ಗಂಟೆಗೆ ಯಾರು ಎಚ್ಚರ ಇರುತ್ತಾರೆ ಎನ್ನುವುದರ ಮೇಲೆ ಈ ಆಯ್ಕೆ ನಿಂತಿದೆ. ಗಂಡ, ಅತ್ತೆ, ಡಾಕ್ಟರು ಎಲ್ಲರೂ ಒಪ್ಪಿದರೂ ಬೆನ್ನಿಗೆ ಇಂಜೆಕ್ಷನ್ ಕೊಡುವವರು ಊರಲ್ಲಿ ಇಲ್ಲದಿದ್ದರೆ ಹೆಣ್ಣಿಗೆ ಉಳಿಯುವುದು ಒಂದೇ ದಾರಿ. ಇರುವ ಅರಿವಳಿಕೆ ತಜ್ಞರನ್ನು ತಾಲ್ಲೂಕುಗಳಲ್ಲಿ ರಾತ್ರಿಯೂ ಇರಿಸುವ ಏರ್ಪಾಡು ಆಗದೆ, ಸಿಸೇರಿಯನ್ ಹೆಚ್ಚಾಯಿತೆಂದು ಹೆಂಗಸರನ್ನೂ ಡಾಕ್ಟರನ್ನೂ ದೂರುವುದು ಅನ್ಯಾಯ.

ಹಳದಿ ಚೂಡಿದಾರದವಳು ಎದ್ದು ಹೊರಡುವ ಮುಂಚೆ ಕೇಳಿದ್ದೂ ಅದನ್ನೇ, ಯಾರೂ ಹೇಳಿಕೊಡದೆ.

"ಮೇಡಂ, ರಾತ್ರಿ ಹೊತ್ತು ನೋವು ಬಂದ್ರೆ ಬೆನ್ನಿಗೆ ಇಂಜೆಕ್ಷನ್ ಕೊಡೋ ಡಾಕ್ಟ್ರು ಇಲ್ಲೇ ಇರ್ತಾರಾ?"

"ಹಗಲು ಇರ್ತಾರೆ. ರಾತ್ರಿ ಇರಲ್ಲ, ಫೋನ್ ಮಾಡಿ ಕರೆಸ್ಬೇಕು." ಡಾಕ್ಟರು ಪೆನ್ನು ಕೆಳಗಿಟ್ಟರು. "ಅದಕ್ಕೇ ನಿನ್ನ ಇಲ್ಲಿ ಇಟ್ಕೊಳಲ್ಲ. ಮೈಸೂರಿನ ಚೆಲುವಾಂಬಕ್ಕೆ ಬರ್ಕೊಡ್ತೀನಿ. ಅಲ್ಲಿ ರಾತ್ರಿನೂ ಎಲ್ಲಾರೂ ಇರ್ತಾರೆ. ಮೈಸೂರಲ್ಲಿ ಯಾರಾದ್ರೂ ನೆಂಟ್ರು ಇದಾರಾ?"

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರ ಕೊಟ್ಟರು: "ನನ್ ತಂಗಿ ಅವ್ಳೆ, ಕುವೆಂಪುನಗರದಲ್ಲಿ. ನಾನೂ ಜೊತೇಲಿ ಹೋಗಿರ್ತೀನಿ."

"37 ವಾರ ತುಂಬ್ತಿದ್ದಂಗೆ ಹೋಗಿ ಇದ್ಬಿಡಿ. ನೋವು ಬಂದ್ರೆ ಕಷಾಯ ಕುಡ್ಸಿ ನೋಡೋಣ, ಬೆಳಗಾಗ್ಲಿ ಅಂತ ಮನೇಲಿ ಕೂತ್ಕೋಬೇಡಿ. ಮೊದಲ್ನೇ ನೋವಿಗೇ ಹೊರಡಿ" ಎಂದು ಡಾಕ್ಟರು ತಾಯಿ ಕಾರ್ಡಿನ ಖಾಲಿ ಜಾಗದಲ್ಲಿ ಚೆಲುವಾಂಬದ ಹೆಸರು, ವಾರ, ಕೆಳಭಾಗದ ಅಡ್ಡ ಗಾಯ, ಹೆರಿಗೆ ಪ್ರಯತ್ನಕ್ಕೆ ತಾಯಿಯ ಒಪ್ಪಿಗೆ ಇದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ಸಹಿ ಹಾಕಿದರು.