ಕೈಯಲ್ಲಿ ಹಿಡಿದಾಡುವ ಯಂತ್ರವೂ ಅದರ ವೇಗದ ಮಿತಿಯೂ

ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರಗಳು ಈಗ ಅನೇಕ ಮನೆಗಳಲ್ಲಿ ಕಂಡುಬರುತ್ತವೆ. ತಯಾರಕರು ಗೊತ್ತುಮಾಡಿದ ಮಟ್ಟಕ್ಕಿಂತ ಅವುಗಳ ವೇಗವನ್ನು ಮೇಲಕ್ಕೇರಿಸುವ ವಿದ್ಯೆಯೊಂದುಂಟು. ಅದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಯಂತ್ರದೊಳಗಿರುವ ಶಕ್ತಿಯನ್ನು ತಯಾರಕರು ಜಿಪುಣತನದಿಂದ ಬಚ್ಚಿಟ್ಟಿರುವರೆಂದು ಕೆಲವರು ಹೇಳುವರು. ಆ ಮಿತಿಯನ್ನು ಮುಟ್ಟಿದರೆ ಯಂತ್ರವು ಸುಟ್ಟೇಹೋಗುವುದೆಂದು ಮತ್ತೆ ಕೆಲವರು ಹೆದರುವರು. ಇವೆರಡರಲ್ಲಿ ಯಾವುದೂ ಪೂರ್ತಿ ನಿಜವಲ್ಲ. ಜಪಾನಿನ ನಿಂಟೆಂಡೊ ಕಂಪೆನಿಯು 2017ನೇ ಇಸವಿಯ ಮಾರ್ಚ್ 3ರಂದು ಮಾರಾಟಕ್ಕೆ ತಂದ ಸ್ವಿಚ್ ಎಂಬ ಯಂತ್ರವನ್ನೂ, ಅದಕ್ಕಾಗಿ ರಚಿತವಾದ ಸಿಸ್-ಕ್ಲಾಕ್ ಎಂಬ ತಂತ್ರಾಂಶವನ್ನೂ ಉದಾಹರಣೆಯಾಗಿಟ್ಟುಕೊಂಡು ನಾವು ಈ ಸಂಗತಿಯನ್ನು ವಿವರಿಸುವೆವು.

ಮೊದಲು ವೇಗವೆಂದರೇನೆಂಬುದನ್ನು ತಿಳಿಯಬೇಕು. ಒಂದೇ ಒರಳಿನಲ್ಲಿ ಇಬ್ಬರು ಹೆಂಗಸರು ಭತ್ತ ಕುಟ್ಟುವಾಗ ಒನಕೆಗಳು ಒಂದು ಲಯಕ್ಕೆ ಸರಿಯಾಗಿ ಏರಿ ಇಳಿಯುವವಷ್ಟೆ. ಗಣಕದ ಚಿಪ್ಪಿನೊಳಗೂ ಅಂಥದೊಂದು ಲಯವುಂಟು. ಅದರ ಪ್ರತಿಯೊಂದು ಮಿಡಿತಕ್ಕೂ ಕೆಲಸವು ಒಂದೊಂದು ಹೆಜ್ಜೆ ಮುಂದೆ ಸಾಗುವುದು. ಸೆಕೆಂಡಿಗೆ ಹತ್ತು ಲಕ್ಷ ಮಿಡಿತಗಳಾದರೆ ಅದನ್ನು ಒಂದು ಮೆಗಾಹರ್ಟ್ಸ್ ಎನ್ನುವರು. ಮಿಡಿತಗಳನ್ನು ಹೆಚ್ಚಿಸಿದರೆ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಕೆಲಸವಾಗುವುದು. ಓವರ್‌ಕ್ಲಾಕಿಂಗ್ ಎಂಬುದರ ಅರ್ಥವು ಇಷ್ಟೇ.

ಸ್ವಿಚ್ ಯಂತ್ರದಲ್ಲಿರುವುದು ಎನ್ವಿಡಿಯಾ ಕಂಪೆನಿಯ ಟೆಗ್ರಾ ಎಕ್ಸ್1 ಎಂಬ ಚಿಪ್ಪು. ಆಟದ ಲೆಕ್ಕಾಚಾರಗಳನ್ನು ನಡೆಸುವ ಸಿಪಿಯು ಎಂಬ ಭಾಗಕ್ಕೆ ತಯಾರಕರು 1020 ಮೆಗಾಹರ್ಟ್ಸ್ ವೇಗವನ್ನು ಗೊತ್ತುಮಾಡಿದರು. ಚಿತ್ರಗಳನ್ನು ರಚಿಸುವ ಜಿಪಿಯು ಎಂಬ ಭಾಗವಾದರೋ, ಯಂತ್ರವನ್ನು ಪೀಠದಲ್ಲಿಟ್ಟು ದೂರದರ್ಶನದ ಪರದೆಗೆ ಜೋಡಿಸಿದಾಗ 768 ಮೆಗಾಹರ್ಟ್ಸ್‌ವರೆಗೆ ಓಡುವುದು. ಕೈಯಲ್ಲಿ ಹಿಡಿದಾಗ 307.2ಕ್ಕೂ, ಕೆಲವು ಆಟಗಳಲ್ಲಿ 384ಕ್ಕೂ 460.8ಕ್ಕೂ ನಿಲ್ಲುವುದು. ಒಂದೇ ಚಿಪ್ಪಿಗೆ ಈ ಭೇದವೇಕೆಂದು ಯಾರಾದರೂ ಕೇಳಬಹುದು. ಪೀಠದಲ್ಲಿರುವಾಗ ವಿದ್ಯುತ್ತು ಗೋಡೆಯಿಂದ ಬರುವುದು. ಕೈಯಲ್ಲಿರುವಾಗ ಚಿಕ್ಕದೊಂದು ಬ್ಯಾಟರಿಯಿಂದ ಬರಬೇಕು.

ಇಲ್ಲಿ ಗಮನಿಸತಕ್ಕ ನಿಯಮವೊಂದುಂಟು. ಚಿಪ್ಪು ನುಂಗುವ ಶಕ್ತಿಯು ಮಿಡಿತಗಳ ಸಂಖ್ಯೆಗೆ ತಕ್ಕಂತೆ ಏರುವುದಲ್ಲದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುವುದು. ಒನಕೆಯನ್ನು ಬೇಗಬೇಗನೆ ಎತ್ತಬೇಕಾದರೆ ತೋಳಿನಲ್ಲಿ ಹೆಚ್ಚು ಬಲ ಬೇಕಾಗುವಂತೆ, ಮಿಡಿತವನ್ನು ಹೆಚ್ಚಿಸಿದಾಗ ಸಾಮಾನ್ಯವಾಗಿ ವೋಲ್ಟೇಜನ್ನೂ ಹೆಚ್ಚಿಸಬೇಕಾಗುವುದು. ಮಿಡಿತವು ನೂರಕ್ಕೆ 20ರಷ್ಟೂ ವೋಲ್ಟೇಜು ನೂರಕ್ಕೆ 10ರಷ್ಟೂ ಹೆಚ್ಚಿತೆಂದು ಇಟ್ಟುಕೊಳ್ಳೋಣ. ಆಗ 1.2ನ್ನು 1.1ರಿಂದ ಎರಡು ಸಾರಿ ಗುಣಿಸಿದರೆ 1.45 ಬರುವುದು. ಅಂದರೆ ಐದರಲ್ಲಿ ಒಂದು ಪಾಲಿನ ವೇಗಕ್ಕಾಗಿ ಹೆಚ್ಚುಕಡಿಮೆ ಅರ್ಧ ಪಾಲಿನ ಶಾಖವನ್ನು ಬೆಲೆಯಾಗಿ ಕೊಟ್ಟಂತಾಯಿತು. ತಯಾರಕರ ಮಿತಿಯು ವೇಗ, ಶಾಖ, ಬ್ಯಾಟರಿ ಎಂಬ ಮೂವರ ನಡುವಣ ಒಪ್ಪಂದವೇ ಹೊರತು ಜಿಪುಣತನವಲ್ಲ.

ಆದರೂ ಒಪ್ಪಂದಗಳು ಬದಲಾಗದಿರುವುದಿಲ್ಲ. ಸೋನಿ ಕಂಪೆನಿಯು 2004ರಲ್ಲಿ ಹೊರತಂದ ಪಿಎಸ್‌ಪಿ ಯಂತ್ರದ ಚಿಪ್ಪು 333 ಮೆಗಾಹರ್ಟ್ಸ್ ಓಡಬಲ್ಲುದಾಗಿದ್ದರೂ ಆಟಗಳಿಗೆ 222 ಮಾತ್ರ ದೊರೆಯುತ್ತಿತ್ತು. 2007ರಲ್ಲಿ ಕಂಪೆನಿಯೇ ಆ ತಡೆಯನ್ನು ತೆಗೆಯಿತು. ನಿಂಟೆಂಡೊ ಸಹ 2019ರಲ್ಲಿ, ಆಟದ ದೃಶ್ಯಗಳು ತೆರೆಯುವ ವೇಳೆಯಲ್ಲಿ ಮಾತ್ರ ಸಿಪಿಯು 1785ಕ್ಕೆ ಏರುವಂತೆಯೂ, ಆ ಹೊತ್ತಿಗೆ ಜಿಪಿಯು 76.8ಕ್ಕೆ ಇಳಿಯುವಂತೆಯೂ ಏರ್ಪಾಡು ಮಾಡಿತು. ಒಂದು ಕಡೆ ಕೊಟ್ಟುದನ್ನು ಇನ್ನೊಂದು ಕಡೆ ಉಳಿಸಿದ ಜಾಣತನವನ್ನು ಇಲ್ಲಿ ನೋಡಬಹುದು.

ಸಿಸ್-ಕ್ಲಾಕ್ ತಂತ್ರಾಂಶವು ಈ ಒಪ್ಪಂದವನ್ನು ಬದಲಾಯಿಸುವ ಅಧಿಕಾರವನ್ನು ಯಂತ್ರದ ಒಡೆಯರ ಕೈಗೆ ಕೊಡುತ್ತದೆ. ರೆಟ್ರೋಎನ್‌ಎಕ್ಸ್ ಎಂಬ ಹೆಸರಿನ ಹವ್ಯಾಸಿಗಳ ತಂಡವು ಇದನ್ನು ರಚಿಸಿತು. ಯಾವ ಆಟಕ್ಕೆ ಯಾವ ವೇಗ ಬೇಕೆಂಬುದನ್ನು ಒಂದು ಸಣ್ಣ ಕಡತದಲ್ಲಿ ಬರೆದಿಟ್ಟರೆ, ಆ ಆಟವು ಆರಂಭವಾದೊಡನೆ ತಂತ್ರಾಂಶವು ಅಂತೆಯೇ ನಡೆಸುವುದು. ಪೀಠದಲ್ಲಿರುವಾಗ ಒಂದು ವೇಗವನ್ನೂ ಕೈಯಲ್ಲಿರುವಾಗ ಬೇರೊಂದು ವೇಗವನ್ನೂ ಹೇಳಬಹುದು. ವೇಗವನ್ನು ತಗ್ಗಿಸಿ ಬ್ಯಾಟರಿಯನ್ನು ಹೆಚ್ಚು ಹೊತ್ತು ಉಳಿಸುವುದಕ್ಕೂ ಇದೇ ಸಾಧನವು ಸಾಕು.

ಇದು ಓಪನ್ ಸೋರ್ಸ್ ತಂತ್ರಾಂಶ; ಎಂದರೆ ಅದರ ಮೂಲಬರಹವನ್ನು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು. ಹಾಗೆ ಓದಿದವರಿಗೆ ಒಂದು ವಿಶೇಷವು ಕಾಣುವುದು. ಮಿತಿಯನ್ನು ಮೀರುವುದಕ್ಕಾಗಿಯೇ ಹುಟ್ಟಿದ ಈ ತಂತ್ರಾಂಶವು ತನಗೆ ತಾನೇ ಮಿತಿಗಳನ್ನು ಹಾಕಿಕೊಂಡಿದೆ. 2017ರ ಮಾದರಿಯ ಯಂತ್ರವು ಬ್ಯಾಟರಿಯ ಮೇಲೆ ನಡೆಯುವಾಗ, ಒಡೆಯರು ಎಷ್ಟೇ ಕೇಳಿದರೂ ಜಿಪಿಯುವನ್ನು 460ಕ್ಕಿಂತ ಮೇಲೆ ಬಿಡುವುದಿಲ್ಲ. ಸಾಧಾರಣ ಚಾರ್ಜರಿಗೆ ಜೋಡಿಸಿದಾಗ 768ಕ್ಕಿಂತ ಮೇಲೆ ಬಿಡುವುದಿಲ್ಲ. ಬ್ಯಾಟರಿಯ ಮೇಲೆ ಅತಿಭಾರ ಬೀಳಬಾರದೆಂಬುದೇ ಇದಕ್ಕೆ ಕಾರಣ. ಈ ಕಾರಣವು ಗುಟ್ಟಾಗಿಲ್ಲ, ಬಹಿರಂಗವಾಗಿದೆ.

ಇದರಿಂದಾಗುವ ಲಾಭಕ್ಕೂ ಒಂದು ಮೇರೆಯುಂಟು. ಸೆಕೆಂಡಿಗೆ 30 ಚಿತ್ರಗಳನ್ನು ಮಾತ್ರ ತೋರಿಸಬೇಕೆಂದು ರಚಿತವಾದ ಆಟವು ವೇಗ ಹೆಚ್ಚಿತೆಂದು 60 ತೋರಿಸಲಾರದು. ನಡುನಡುವೆ ಮುಗ್ಗರಿಸುತ್ತಿದ್ದುದು ನಿಲ್ಲಬಹುದು, ಅಷ್ಟೆ. ಅಪಾಯವಾದರೋ ಬೇರೊಂದು ಕಡೆಯಿಂದಲೂ ಬರುವುದು. ಸಿಸ್-ಕ್ಲಾಕ್ ನಡೆಯಬೇಕಾದರೆ ಅಟ್ಮಾಸ್ಫಿಯರ್ ಎಂಬ ಬೇರೆ ವ್ಯವಸ್ಥೆಯನ್ನು ಮೊದಲು ಹೂಡಬೇಕು. ಮೊದಲ ಯಂತ್ರಗಳ ಚಿಪ್ಪಿನಲ್ಲಿ, ತಿದ್ದಲಾಗದ ಆರಂಭದ ಭಾಗದಲ್ಲಿಯೇ ಇದ್ದ ಒಂದು ದೋಷವು 2018ರ ಏಪ್ರಿಲಿನಲ್ಲಿ ಬಹಿರಂಗವಾದುದು ಇದಕ್ಕೆ ದಾರಿ ತೆರೆಯಿತು. ಹೀಗೆ ಬದಲಾಯಿಸಿದ ಯಂತ್ರವನ್ನು ಕಂಪೆನಿಯು ತನ್ನ ಅಂತರಜಾಲ ಸೇವೆಗಳಿಂದ ದೂರವಿಡಬಹುದು. ಕೆಟ್ಟುಹೋದರೆ ಖಾತರಿಯ ಮೇಲೆ ರಿಪೇರಿ ಮಾಡಿಕೊಡದೆಯೂ ಇರಬಹುದು. ಬೇರೆಯವರ ಆಟಗಳನ್ನು ಹಣ ಕೊಡದೆ ನಕಲು ಮಾಡಿಕೊಳ್ಳುವ ಹಕ್ಕಂತೂ ಇದರಿಂದ ಯಾರಿಗೂ ಬರುವುದಿಲ್ಲ.

ಆದಕಾರಣ ಮಿತಿಯೊಂದು ಎದುರಾದಾಗ ಅದನ್ನು ಮುರಿಯಲು ಆತುರಪಡುವುದೂ ಬೇಡ, ಅದರ ಮುಂದೆ ಸುಮ್ಮನೆ ತಲೆಬಾಗುವುದೂ ಬೇಡ. ಅದನ್ನು ಹಾಕಿದವರಾರು, ಯಾವ ಕಾರಣಕ್ಕೆ, ಮೀರಿದರೆ ಬೆಲೆ ತೆರುವವರಾರು ಎಂದು ಮೊದಲು ವಿಚಾರಿಸಬೇಕು. ತನ್ನ ಕಾರಣಗಳನ್ನು ಎಲ್ಲರ ಮುಂದೆ ತೆರೆದಿಟ್ಟಿರುವ ತಂತ್ರಾಂಶವು ಈ ವಿಚಾರಣೆಗೆ ಒಳ್ಳೆಯ ಪಾಠಪುಸ್ತಕವಾಗಿದೆ. ಆಟವಾಡದವರೂ ಅದನ್ನು ಓದಿ ಪ್ರಯೋಜನ ಪಡೆಯಬಹುದೆಂದು ನಾವು ನಂಬುತ್ತೇವೆ.